ಚಿಕ್ಕಲ್ಲೂರಿನ ಪಂಕ್ತಿಸೇವೆ ಬಲಿಯಲ್ಲ

ಮಾನ್ಯ ಸಂಪಾದಕರೇ,

ಪುಷ್ಯ ಮಾಸದ ಹುಣ್ಣಿಮೆಯ ರಾತ್ರಿ ಬಿದಿರು, ಬಟ್ಟೆಯಿಂದ ಕಟ್ಟಿದ ಚಂದ್ರಮಂಡಲಕ್ಕೆ ಬೆಂಕಿ ಮುಟ್ಟಿಸುವುದರೊಂದಿಗೆ ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ ಜನಪದ ಸಂತ ಸಿದ್ದಪ್ಪಾಜಿಯವರ ಐದು ದಿನಗಳ ಜಾತ್ರೆ ಆರಂಭವಾಗುತ್ತದೆ. ಆ ಉರಿ ಯಾವ ದಿಕ್ಕಿಗೆ ಹೆಚ್ಚು ವಾಲುತ್ತದೆಯೋ ಆ ದಿಕ್ಕಿನಲ್ಲಿ ಆ ವರ್ಷ ಮಳೆ-ಬೆಳೆ ಚೆನ್ನಾಗಿರುತ್ತದೆ ಎಂಬುದು ರೈತರ ನಂಬಿಕೆ. ಈಚಿನ ವರ್ಷಗಳಲ್ಲಿ ಜಾತ್ರೆಯ ಜೊತೆಗೇ ಪ್ರಾಣಿಬಲಿಯ ವಿವಾದವೂ ಬರುತ್ತಿದೆ; ನಾಲ್ಕನೆಯ ದಿನ ಎಲ್ಲರೂ ಸಾಲಾಗಿ ಕೂತು ಉಣ್ಣುವ ಪಂಕ್ತಿಸೇವೆಯನ್ನು ಬಲಿಯೆಂದೇ ಕರೆಯುವುದು ರೂಢಿಯಾಗುತ್ತಿದೆ. ಇದು ಸರಿಯಲ್ಲ ಎಂದು ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ.

1959ರ ಕರ್ನಾಟಕ ಪ್ರಾಣಿಬಲಿ ತಡೆ ಕಾಯ್ದೆಯ ಬಗ್ಗೆ ನನಗೆ ಗೌರವವಿದೆ. ದೇವರ ಹೆಸರಿನಲ್ಲಿ ಗುಡಿಯ ಮುಂದೆ ಕೋಣ, ಕುರಿಗಳ ಕೊರಳು ಕಡಿಯುವುದು ನಿಲ್ಲಲೇಬೇಕು. ಆದರೆ ಆ ಕಾಯ್ದೆ ಬಲಿ ಎನ್ನುವುದು ದೈವವನ್ನು ಒಲಿಸಿಕೊಳ್ಳುವ ಉದ್ದೇಶದಿಂದ ಮಾಡುವ ಪ್ರಾಣಿಹತ್ಯೆಯನ್ನು. ಸಿದ್ದಪ್ಪಾಜಿಯವರ ಗದ್ದುಗೆಯ ಮುಂದೆ ಪ್ರಾಣಿಯನ್ನು ಕಡಿಯುವ ಪದ್ಧತಿ ಇಲ್ಲವೆಂದು ಅವರಿಗೆ ನಡೆದುಕೊಳ್ಳುವ ಒಕ್ಕಲಿನವರು ಮೊದಲಿನಿಂದಲೂ ಹೇಳುತ್ತ ಬಂದಿದ್ದಾರೆ. ಪಂಕ್ತಿಸೇವೆಯ ದಿನ ಅವರು ತಮ್ಮ ತಮ್ಮ ಬಿಡಾರಗಳಲ್ಲಿ, ಮನೆಯಲ್ಲಿ ಉಣ್ಣುವ ಮಾಂಸದಡುಗೆಯನ್ನೇ ಮಾಡಿ, ನೆಂಟರೊಡನೆ, ಪಕ್ಕದ ಬಿಡಾರದವರೊಡನೆ, ದಾರಿಯಲ್ಲಿ ಹೋಗುವವರನ್ನೂ ಕರೆದು ಕೂರಿಸಿಕೊಂಡು, ಜಾತಿ ಕೇಳದೆ ಒಂದೇ ಸಾಲಿನಲ್ಲಿ ಉಣ್ಣುತ್ತಾರೆ. ಸೇವೆ ಎನ್ನುವುದು ಈ ಊಟಕ್ಕೇ.

ಇದರ ಅರ್ಥ ಹೊಳೆಯಬೇಕಾದರೆ ಈ ಪರಂಪರೆಯ ಹಾಡುಗಾರರಾದ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಾವ್ಯವನ್ನು ಕೇಳಬೇಕು. ಅದರಲ್ಲಿ ಗುರು ಮಂಟೇಸ್ವಾಮಿಯವರು ಕಲ್ಯಾಣದ ಶರಣರ ಭಕ್ತಿಯನ್ನು ಪರೀಕ್ಷಿಸಲು ಮೈಯೆಲ್ಲ ನಾರುವ ಭಿಕ್ಷುಕನ ರೂಪದಲ್ಲಿ ಬರುತ್ತಾರೆ. ಒಳಗೆ ಬಿಡದವರು ಅವರನ್ನು ತಿಪ್ಪೆಯ ಪಾಲು ಮಾಡುತ್ತಾರೆ. ಊಟದ ಸಾಲಿನಿಂದ ಹೊರಗುಳಿದ ಆ ಭಿಕ್ಷುಕನೇ ‘ಧರೆಗೆ ದೊಡ್ಡವರು’ ಎನಿಸಿಕೊಂಡ ಮಂಟೇಸ್ವಾಮಿ ಎಂದು ಬಸವಣ್ಣನವರಿಗೆ ಆಮೇಲೆ ತಿಳಿಯುತ್ತದೆ. ಮಂಟೇಸ್ವಾಮಿ ಶಿಶುಮಗನನ್ನಾಗಿ, ಅಂದರೆ ಶಿಷ್ಯನನ್ನಾಗಿ, ಪಡೆದದ್ದು ಕಮ್ಮಾರರ ಮನೆಯ ಕೆಂಪಾಚಾರಿಯನ್ನು. ಹಲಗೂರಿನ ಪಾಂಚಾಳರಲ್ಲಿಗೆ ಕಬ್ಬಿಣದ ಭಿಕ್ಷೆಗೆ ಹೋಗಿ ಅವರೊಡ್ಡಿದ ಕಠಿಣ ಪರೀಕ್ಷೆಗಳನ್ನು ಗೆದ್ದು ಬಂದ ಆತನೇ ಚಿಕ್ಕಲ್ಲೂರಿನ ಸಿದ್ದಪ್ಪಾಜಿ. ಗುರುವನ್ನೇ ಪಂಕ್ತಿಯಿಂದ ಹೊರಗಿಟ್ಟ ಕಥೆಯನ್ನು ತಲೆಮಾರುಗಳಿಂದ ಹಾಡುತ್ತ ಬಂದ ಜನ, ಯಾರನ್ನೂ ಹೊರಗಿಡದ ಪಂಕ್ತಿಯೊಂದನ್ನು ವರ್ಷಕ್ಕೊಮ್ಮೆ ಹಾಕುತ್ತಾರೆಂದೇ ನಾನು ಪಂಕ್ತಿಸೇವೆಯನ್ನು ತಿಳಿದುಕೊಂಡಿದ್ದೇನೆ. ಆ ಸಾಲಿನಲ್ಲಿ ಕೂರುವವರಲ್ಲಿ ಬಹಳಷ್ಟು ಮಂದಿ ಬೇರೆಡೆ ಇಂದಿಗೂ ಸಾಲಿನಿಂದ ಹೊರಗೆ ನಿಂತವರು ಎಂಬುದನ್ನು ಮರೆತು ಅವರ ಅಡುಗೆಯ ಪಾತ್ರೆಯನ್ನು ಮಾತ್ರ ನೋಡುವುದು ನನಗೆ ನೋವಿನ ಸಂಗತಿ.

ಜನರೇ ಸಂತರನ್ನಾಗಿ ಮಾಡಿಕೊಂಡವರ ಸೇವೆಯ ರೀತಿ ಅವರ ಕಥೆಯೊಳಗಿಂದಲೇ ಹುಟ್ಟುತ್ತದೆ. ಅರ್ಜೆಂಟೀನಾದ ಸಾನ್ ಹುವಾನ್ ಪ್ರಾಂತ್ಯದ ಮರಳುಗಾಡಿನಲ್ಲಿ ಬಾಯಾರಿ ಸತ್ತಳೆಂದು ಹೇಳುವ, ಸತ್ತ ಮೇಲೂ ಅವಳ ಎದೆಹಾಲು ಕುಡಿದು ಕೂಸು ಬದುಕಿತ್ತೆಂದು ನಂಬಿರುವ ದಿಫುಂತಾ ಕೊರ್ರೆಯಾ ಎಂಬ ತಾಯಿಗೆ ಅಲ್ಲಿನ ಜನ ದಾರಿಬದಿಯ ಗುಡಿಗಳಲ್ಲಿ ನೀರು ತುಂಬಿದ ಬಾಟಲಿಗಳನ್ನು ಇಡುತ್ತಾರೆ. ಕ್ಯಾಥೊಲಿಕ್ ಚರ್ಚು ಆಕೆಯನ್ನು ಸಂತಳೆಂದು ಘೋಷಿಸಿಲ್ಲ. ಲಾರಿ ಚಾಲಕರು ಮಾತ್ರ ಗಾಡಿ ನಿಲ್ಲಿಸಿ ನೀರಿಟ್ಟೇ ಮುಂದೆ ಹೋಗುತ್ತಾರೆ. ಕಥೆ ತಿಳಿಯದವರಿಗೆ ಅದು ರಸ್ತೆಬದಿಯ ಬಾಟಲಿಗಳ ರಾಶಿಯಾಗಿಯೇ ಕಾಣುತ್ತದೆ.

ಆದ್ದರಿಂದ ಜಿಲ್ಲಾಡಳಿತವು ಮುಂದಿನ ಜಾತ್ರೆಗೆ ಸಾಕಷ್ಟು ಮೊದಲೇ ನೀಲಗಾರರನ್ನೂ ಒಕ್ಕಲಿನ ಹಿರಿಯರನ್ನೂ ಕೂರಿಸಿಕೊಂಡು ಮಾತನಾಡಬೇಕು. ಗದ್ದುಗೆಯ ಆವರಣದಲ್ಲಿ ಕಾಯ್ದೆಯನ್ನು ಬಿಗಿಯಾಗಿ ಪಾಲಿಸುವುದಕ್ಕೂ ಬಿಡಾರಗಳ ಊಟವನ್ನು ಊಟವಾಗಿಯೇ ಬಿಡುವುದಕ್ಕೂ ವಿರೋಧವಿಲ್ಲ. ಪ್ರಾಣಿಬಲಿ ತಡೆಯುವ ತಪಾಸಣೆಗೆ ನಿಯೋಜಿಸುವ ಸಿಬ್ಬಂದಿಯಲ್ಲಿ ಕೆಲವರನ್ನಾದರೂ ಕುಡಿಯುವ ನೀರು, ಶೌಚಾಲಯ ಮತ್ತು ಕಸ ವಿಲೇವಾರಿಯ ಕೆಲಸಕ್ಕೆ ಕಳುಹಿಸಿದರೆ, ಮಕ್ಕಳುಮರಿ ಕಟ್ಟಿಕೊಂಡು ಐದು ದಿನ ಬಯಲಿನಲ್ಲಿ ತಂಗುವ ಕುಟುಂಬಗಳಿಗೆ ದೊಡ್ಡ ಉಪಕಾರವಾಗುತ್ತದೆ.

— ಒಬ್ಬ ಓದುಗ, ಕೊಳ್ಳೇಗಾಲ