ದಿನಾ ಕಂತ ಕಟ್ಟಾಕ ಗುಡ್ಡದಾಗ ದಿನಾ ಹುಣ್ಣಿಮಿ ಇರಂಗಿಲ್ರೀ

ಗೆ,
ಪೇಮೆಂಟ್ ಆ್ಯಪಿನ ದೂರು ವಿಭಾಗದ ಸಾಹೇಬ್ರಿಗೆ

ವಿಷಯ: ಅಂಗಡಿ ಸಾಲದ ದಿನದ ಕಂತು, ಬೌನ್ಸ್ ಚಾರ್ಜ್ ಮತ್ತ ಸಿಬಿಲ್ (ಸಾಲ ಕಟ್ಟಿದ ದಾಖಲೆ) ಕೆಡಿಸಿದ್ದರ ಬಗ್ಗೆ

ನಮಸ್ಕಾರ್ರೀ ಸರ,

ನಾ ಸವದತ್ತಿ ಎಲ್ಲಮ್ಮನ ಗುಡ್ಡದಾಗ ಕುಂಕುಮ, ಭಂಡಾರ (ಅರಿಶಿಣ ಪುಡಿ), ಬಳಿ, ಕಾಯಿ ಮಾರೂ ಅಂಗಡಿ ಇಟ್ಕೊಂಡಾಕಿ. ನಿಮ್ಮ ಕ್ಯೂಆರ್, ಸೌಂಡ್‌ಬಾಕ್ಸ್ ಎರಡೂ ನಮ್ಮಲ್ಲಿ ಅದಾವು, ಬಾಕ್ಸಿನ ಬಾಡಿಗಿ ತಿಂಗಳಾ ತಿಂಗಳಾ ಕಟ್ ಆಗತೈತಿ. 2025ರ ಜುಲೈದಾಗ ಕ್ಯೂಆರ್ ಲೆಕ್ಕಾ ನೋಡಿ ಜಿಎಸ್‌ಟಿ ನೋಟಿಸ್ ಬರತಾವಂತ ಸುದ್ದಿ ಹಬ್ಬಿ ಎಷ್ಟೋ ಕಡೆ ಅಂಗಡಿಯವ್ರು ಕ್ಯೂಆರ್ ಕಿತ್ತ ಒಳಗ ಇಟ್ರು, ನಾ ಇಡ್ಲಿಲ್ಲ, ಕುಂಕುಮಕ್ಕೂ ಗಾಜಿನ ಬಳಿಗೂ ಟ್ಯಾಕ್ಸೇ ಇಲ್ಲ ನಾ ಯಾಕ ಹೆದರ್ಲಿ ಅಂತ.

ಬನದ ಹುಣ್ಣಿಮಿ ಮುಂದ ನಿಮ್ಮ ಹುಡುಗ ಅಂಗಡಿಗೆ ಬಂದು ಅಕ್ಕಾರ ನಿಮಗ 60,000 ಪ್ರೀ ಅಪ್ರೂವ್ಡ್ ಲೋನ್ ಬಂದೈತಿ, ತಿಂಗಳಿಗೆ ಬರೇ ಒಂದೂವರಿ ಪರ್ಸೆಂಟ್, ಕ್ಯೂಆರಿಗೆ ಬಂದ ರೊಕ್ಕದಾಗ ದಿನಾ 194 ರೂಪಾಯಿ ಕಟ್ ಆಗತೈತಿ ಗೊತ್ತೂ ಆಗಂಗಿಲ್ಲ ಅಂದ. ಸಾಂಗ್ಲಿಯಿಂದ ಅರಿಶಿಣ ತರಸೂದಿತ್ತು, ಉಡಿ ತುಂಬಾಕ ಗುಳೇದಗುಡ್ಡದ ಖಣ ಬೇಕಿತ್ತು, ತಗೊಂಡೆ. ವರ್ಷಕ್ಕ 70,800 ಕಟ್ಟಬೇಕು. ನಮ್ಮ ತಂಗಿ ಮಗ ಧಾರವಾಡದಾಗ ಬಿಕಾಂ ಓದತಾನ, ಅಂವ ಲೆಕ್ಕಾ ಹಾಕಿ ಹೇಳಿದ, ಅಸಲು ದಿನಾ ಕಡಿಮಿ ಆಕ್ಕೋಂತ ಹೋದ್ರೂ ಬಡ್ಡಿ ಮಾತ್ರ ಪೂರ್ತಿ ಅರವತ್ತ ಸಾವಿರದ ಮ್ಯಾಲೇ ಹಾಕ್ಯಾರ, ಹಂಗಾಗಿ ನೀವು ಹೇಳೂ ಹದಿನೆಂಟು ಪರ್ಸೆಂಟ್ ಖರೇ ಅಂದ್ರ ವರ್ಷಕ್ಕ ಮೂವತ್ತರ ಮ್ಯಾಲೆ ಬೀಳತೈತಿ ಅಂತ. ಇದನ್ನ ನಿಮ್ಮ ಹುಡುಗ ಹೇಳ್ಲಿಲ್ಲ. ಮೊಬೈಲಿಗೆ ಬಂದ ಕಾಗದಾ ಎಲ್ಲಾ ಇಂಗ್ಲೀಷಿನ್ಯಾಗ.

ಈಗ ಅಸಲಿ ತಕರಾರಿಗೆ ಬರ್ತೀನ್ರಿ. ಗುಡ್ಡದ ಯಾಪಾರ ನಿಮ್ಮ ಸಿಟಿ ಕಿರಾಣಿ ಅಂಗಡಿ ಯಾಪಾರ ಅಲ್ಲ. ಬನದ ಹುಣ್ಣಿಮಿ, ಭರತ ಹುಣ್ಣಿಮಿ, ನವರಾತ್ರಿ, ಆಮ್ಯಾಲೆ ಮಂಗಳಾರ ಶುಕ್ರಾರ, ಇಷ್ಟ ನಮ್ಮ ದುಡಿಮಿ. ಶಕ್ತಿ ಯೋಜನಾ ಬಂದ ಮ್ಯಾಲೆ ಹೆಣ್ಮಕ್ಕಳು ಬಸ್ ತುಂಬ ಬರತಾರ ಖರೆ, ಆದ್ರ ಬುಧವಾರ ಮಧ್ಯಾಹ್ನ ಬಂದ ನೋಡ್ರಿ, ಬಳಿ ಸ್ಟ್ಯಾಂಡಿನ ಧೂಳ ಒರಸ್ಕೋಂತ ಕುಂತಿರತೀನಿ. ಇನ್ನ ಹುಣ್ಣಿಮಿ ದಿನಾ? ಚಕ್ಕಡಿ, ಟ್ರ್ಯಾಕ್ಟರ್, ಮಹಾರಾಷ್ಟ್ರದ ಗಾಡಿ ಎಲ್ಲಾ ಏರಿ ಬಂದು ಜನ ಕಿಕ್ಕಿರಿದಿರತೈತಿ, ಅಷ್ಟೂ ಮಂದಿ ಕೈಯಾಗ ಮೊಬೈಲ್, ಟಾವರ್ ಕೈ ಎತ್ತತೈತಿ, ಕ್ಯೂಆರ್ ಮುಂದ ಚಕ್ರ ತಿರಗ್ತನ ಇರತೈತಿ, ಹಿಂದ ಸಾಲಿನ್ಯಾಗ ನಿಂತಾಕಿ "ಲಗೂನ ಕೊಡ್ರೀ ಯವ್ವಾ" ಅಂತಾಳ, ಕಡೀಕ ಆಕಿ ಸೆರಗಿನ ಗಂಟ ಬಿಚ್ಚಿ ಅರಿಶಿಣ ಹತ್ತಿದ ಐವತ್ತರ ನೋಟ ಕೊಡತಾಳ. ಸಂಜಿಗೆ ಗಲ್ಲಾಪೆಟ್ಟಿಗಿ ತುಂಬಿರತೈತಿ, ನಿಮ್ಮ ಆ್ಯಪಿನ್ಯಾಗ ಮಾತ್ರ "ಇಂದಿನ ಕಲೆಕ್ಷನ್ ಕಡಿಮೆ" ಅಂತ ಬರತೈತಿ!

ಕಲೆಕ್ಷನ್ ಕಡಿಮಿ ಬಿದ್ದ ದಿನಾ ನೀವು ಸೀದಾ ಬ್ಯಾಂಕ್ ಖಾತೆಗೆ ಕೈ ಹಾಕ್ತೀರಿ. ಖಾತೆದಾಗ ರೊಕ್ಕ ಇರ್ಲಿಲ್ಲಂದ್ರ ಬೌನ್ಸ್. 194 ರೂಪಾಯಿ ಕಂತಿಗೆ 500 ರೂಪಾಯಿ ಚಾರ್ಜು, ಬ್ಯಾಂಕಿನವ್ರದ ಬ್ಯಾರೆ. ಇದ್ಯಾವ ನ್ಯಾಯರೀ ಸರ? ಸಂಘದ ಸಾಲಾನೂ ಕಟ್ಟೀನಿ ನಾನು, ವಾರದ ಕಂತು ಒಮ್ಮೆನೂ ತಪ್ಪಿಲ್ಲ.

ಫೋನ್ ಹಚ್ಚಿದ್ರ ನಿಮ್ಮವ್ರು ಸಾಲ ಕೊಟ್ಟಿದ್ದ ನಾವಲ್ಲ ಫೈನಾನ್ಸ್ ಕಂಪನಿ ಅಂತಾರ, ಫೈನಾನ್ಸಿನವ್ರು ಆ್ಯಪಿನವ್ರನ್ನ ಕೇಳ್ರಿ ಅಂತಾರ, ಎತ್ತು ಏರಿಗೆ ಕೋಣ ನೀರಿಗೆ. ಇದರ ನಡುವ ಸಿಬಿಲ್‌ನ್ಯಾಗ ಲೇಟ್ ಪೇಮೆಂಟ್ ಅಂತ ಬರದು ಕುಂತೀರಿ, ಮುದ್ರಾ ಸಾಲಕ್ಕ ಸವದತ್ತಿ ಬ್ಯಾಂಕಿಗೆ ಹೋದ್ರ ಮ್ಯಾನೇಜರ್ ಸಾಹೇಬ್ರು ಸ್ಕ್ರೀನ್ ನಮ್ಮ ಕಡೆ ತಿರುಗಿಸಿ ತೋರಿಸಿದ್ರು. ಮಂದಿ ಮುಂದ ಮಾನಾ ಹೋತ್ರಿ.

ಆರ್‌ಬಿಐ ನಿಯಮಾ ನಾವೂ ಓದೀವಿ. 2024ರ ಅಕ್ಟೋಬರ್ 1ರಿಂದ ಇಂಥಾ ಸಾಲಕ್ಕ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ (ಸಾಲದ ಮುಖ್ಯ ವಿವರದ ಕಾಗದಾ) ಕೊಡಲೇಬೇಕು, ಅದೂ ಸಾಲ ತಗೊಂಡವ್ರಿಗೆ ತಿಳಿಯೂ ಭಾಷಾದಾಗ, ವರ್ಷದ ಪೂರ್ತಿ ಬಡ್ಡಿ ಅದರಾಗ ಇರಬೇಕು, ಅದರಾಗ ಇಲ್ಲದ ಚಾರ್ಜ್ ನಮ್ಮ ಒಪ್ಪಿಗಿ ಇಲ್ದ ಹಾಕೂವಂಗಿಲ್ಲ. ದಂಡಾನೂ ತಪ್ಪಿಗೆ ತಕ್ಕಂಗ ಇರಬೇಕು, ದಂಡದ ಮ್ಯಾಲೆ ಬಡ್ಡಿ ಹಾಕೂವಂಗಿಲ್ಲ. ನಿಮ್ಮ ಸ್ಟೇಟ್‌ಮೆಂಟಿನ್ಯಾಗ ದಂಡಾನೂ ಹಾಕೀರಿ, ಅದರ ಮ್ಯಾಲೆ ಬಡ್ಡೀನೂ ಹಾಕೀರಿ.

ಅದಕ್ಕ ಬೌನ್ಸ್ ಚಾರ್ಜ್ ವಾಪಸ್ ಹಾಕ್ರಿ, ಕನ್ನಡದಾಗ ಕಾಗದಾ ಕೊಡ್ರಿ, ಸಿಬಿಲ್ ಸರಿ ಮಾಡಸ್ರಿ, ಮುಖ್ಯ ಅಂದ್ರ ಉಳದ ಸಾಲಾನ ದಿನದ ಕಂತಿಂದ ತೆಗದು ತಿಂಗಳಿಗೊಮ್ಮೆ ಹುಣ್ಣಿಮಿ ಆಗಿ ನಾಕ ದಿನಕ್ಕ ಕಟ್ಟೂವಂಗ ಮಾಡ್ರಿ, ಗಲ್ಲಾದ ರೊಕ್ಕ ಬ್ಯಾಂಕಿಗೆ ಹೋಗಾಕ ಅಷ್ಟ ಟೈಮ್ ಬೇಕ. ಸಾಲ ಮುಳಗಸೂ ಮಂದಿ ನಾವಲ್ಲ. 30 ದಿನದಾಗ ಉತ್ತರ ಬರ್ಲಿಲ್ಲಂದ್ರ ತಕರಾರು ಕೇಳೂ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹಾಕತೀನಿ, 14448ಕ್ಕ ಫೋನ್ ಮಾಡಿ ಹೆಂಗ ಅಂತ ಕೇಳಿ ಇಟ್ಟೀನಿ. ಸ್ಟೇಟ್‌ಮೆಂಟ್, ಪಾಸ್‌ಬುಕ್ಕಿನ ಫೋಟೋ ಇದರ ಜೋಡಿ ಐತಿ.

ಫೋನ್ ಮಾಡೂದಿದ್ರ ಮಂಗಳಾರ ಶುಕ್ರಾರ ಬಿಟ್ಟು ಮಾಡ್ರಿ, ಅವತ್ತ ಗಿರಾಕಿ ಇರತಾವು.

ಇಂತಿ,
ಕುಂಕುಮ ಭಂಡಾರದ ಅಂಗಡಿಯಾಕಿ
ಎಲ್ಲಮ್ಮನ ಗುಡ್ಡ, ತಾ. ಸವದತ್ತಿ, ಜಿ. ಬೆಳಗಾವಿ