ಸಂಕೇತ ನಿಲ್ಲಿಸುವ ಪ್ರೋಟೀನುಗಳ ಬಗೆಗೂ ಬರೆಯಿರಿ

ಮಾನ್ಯ ಸಂಪಾದಕರೇ,

ಕೋಶಕ್ಕೆ ಹೊರಗಿನಿಂದ ಬಂದ ಸಂಕೇತವನ್ನು ಒಳಕ್ಕೆ ದಾಟಿಸುವ ಜಿ-ಪ್ರೋಟೀನುಗಳ ಸಂಶೋಧನೆಗೆ 1994ರಲ್ಲಿ, ಆ ಸಂಕೇತವನ್ನು ಹಿಡಿದು ಅವುಗಳನ್ನು ಚುರುಕುಗೊಳಿಸುವ ಗ್ರಾಹಕಗಳ ಅಧ್ಯಯನಕ್ಕೆ 2012ರಲ್ಲಿ ನೊಬೆಲ್ ಸಂದಿತು. ಕನ್ನಡದ ವಿಜ್ಞಾನ ಬರಹಗಳು ಹೆಚ್ಚಾಗಿ ಇಷ್ಟಕ್ಕೇ ನಿಲ್ಲುತ್ತವೆ ಎಂಬುದು ನನ್ನ ಕೊರಗು. ಹೊರಟ ಸಂಕೇತವನ್ನು ಸಕಾಲದಲ್ಲಿ ನಿಲ್ಲಿಸುವ, ಕೋಶದೊಳಗಿನ ಪ್ರೋಟೀನುಗಳಿಗೂ ಅಷ್ಟೇ ಮಹತ್ವವಿದೆ.

ಕಣ್ಣನ್ನೇ ನೋಡಿ. ಅಕ್ಷಿಪಟಲದ ಕೋಶದಲ್ಲಿ ಬೆಳಕು ತಾಗಿದ ರೊಡಾಪ್ಸಿನ್ ಎಂಬ ಗ್ರಾಹಕವು, ಟ್ರಾನ್ಸ್‌ಡ್ಯೂಸಿನ್ ಎಂಬ ಜಿ-ಪ್ರೋಟೀನು ಜಿಟಿಪಿ ಎಂಬ ಸಣ್ಣ ಅಣುವನ್ನು ಹಿಡಿದುಕೊಂಡು ಚುರುಕಾಗುವಂತೆ ಮಾಡುತ್ತದೆ. ಸಂಕೇತ ನಿಲ್ಲಬೇಕಾದರೆ ಆ ಜಿಟಿಪಿ ಒಡೆಯಬೇಕು. ಅದನ್ನು ಟ್ರಾನ್ಸ್‌ಡ್ಯೂಸಿನ್ ತಾನೇ ಒಡೆಯಬಲ್ಲದಾದರೂ ಅದು ಬಹಳ ನಿಧಾನ. ಪೊರೆಯ ಒಳಮೈಗೆ ಕಟ್ಟಿಕೊಂಡಿರುವ ಆರ್‌ಜಿಎಸ್-9 ಎಂಬ ಪ್ರೋಟೀನು ಜೊತೆಗೂಡಿದರೆ ಮಾತ್ರ ಕೆಲಸ ಒಂದು ಸೆಕೆಂಡಿನೊಳಗೆ ಮುಗಿಯುತ್ತದೆ. ಇತ್ತ ಕೈನೇಸ್ ಕಿಣ್ವವು ರೊಡಾಪ್ಸಿನ್ನಿನ ಬಾಲಕ್ಕೆ ಫಾಸ್ಫೇಟ್ ಜೋಡಿಸಿದ ಮೇಲೆ, ಕೋಶದ್ರವದಲ್ಲಿರುವ ಅರೆಸ್ಟಿನ್ ಎಂಬ ಪ್ರೋಟೀನು ಬಂದು ಅಂಟಿಕೊಂಡು, ಇನ್ನಷ್ಟು ಟ್ರಾನ್ಸ್‌ಡ್ಯೂಸಿನ್ ಚುರುಕಾಗದಂತೆ ತಡೆಯುತ್ತದೆ.

ಆರ್‌ಜಿಎಸ್-9 ಜೀನು ಕೆಟ್ಟವರಿಗೆ ಕತ್ತಲಿನಿಂದ ಬಿಸಿಲಿಗೆ ಬಂದೊಡನೆ ಕೆಲಹೊತ್ತು ಕಣ್ಣು ಕಾಣಿಸದು, ಚಲಿಸುವ ಚೆಂಡನ್ನು ಗುರುತಿಸುವುದು ಕಷ್ಟ. ಅರೆಸ್ಟಿನ್ ಜೀನಿನ ದೋಷದಿಂದ ಒಗುಚಿ ಎಂಬ ಇರುಳುಗುರುಡು ಬರುತ್ತದೆ. ತಮ್ಮ ವಿಜ್ಞಾನ ಪುಟದಲ್ಲಿ ಈ ಪ್ರೋಟೀನುಗಳ ಕುರಿತು ಒಂದು ವಿಸ್ತೃತ ಲೇಖನವನ್ನು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

— ಜೀವಶಾಸ್ತ್ರ ಉಪನ್ಯಾಸಕಿ, ಧಾರವಾಡ