ಮಡಿಕೇರಿಯ ಗದ್ದಿಗೆಗೆ ಒಬ್ಬ ಕಾವಲುಗಾರನನ್ನು ಕೊಡಿ

ಗದ್ದಿಗೆಯ ಸಂರಕ್ಷಣೆಯ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳಿಗೆ ವಂದನೆಗಳು.

ಕೊಡಗನ್ನು ಆಳಿದ ಹಾಲೇರಿ ಅರಸರ ಸಮಾಧಿಗಳಿರುವ ಗದ್ದಿಗೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಲ್ಲುವ ಒಬ್ಬ ಕಾವಲುಗಾರನನ್ನು ನೇಮಿಸಬೇಕೆಂದು ಕೇಳಿ ನಾನು ನಾಲ್ಕು ವರ್ಷಗಳಲ್ಲಿ ಮೂರು ಮನವಿಗಳನ್ನು ಕೊಟ್ಟಿದ್ದೇನೆ. ಮೂರರ ಮೇಲೂ ಸ್ವೀಕೃತಿಯ ಮೊಹರು ಬಿದ್ದಿದೆ, ಒಂದಕ್ಕೂ ಉತ್ತರ ಬಂದಿಲ್ಲ. ಸ್ಮಾರಕದ ಗೋಡೆಗೆ ಹಾನಿ ಮಾಡುವವರ ಮೇಲೆ ಏನು ಕ್ರಮ ಕೈಗೊಳ್ಳಬೇಕೆಂಬ ನಿಯಮಗಳು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆದ್ದರಿಂದ ನಿಯಮದ ಮಾತು ಬಿಟ್ಟು, ನಾನು ಕಣ್ಣಾರೆ ಕಂಡದ್ದನ್ನೇ ಬರೆಯುತ್ತೇನೆ.

ಕಳೆದ ಮೇ ತಿಂಗಳ ಒಂದು ಭಾನುವಾರ ಮೊಮ್ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಲಿಂಗರಾಜೇಂದ್ರರ ಸಮಾಧಿಯ ಗೋಡೆಗೆ ಮೊಣಕೈ ಊರಿ ಯುವಕನೊಬ್ಬ ಬೈಕಿನ ಕೀಲಿಯಿಂದ ತನ್ನ ಹೆಸರನ್ನು ಕೆತ್ತುತ್ತಿದ್ದ. ಪ್ರತಿ ಅಕ್ಷರಕ್ಕೂ ಗಾರೆ ಅಕ್ಕಿಹಿಟ್ಟಿನಂತೆ ಉದುರಿ ಅವನ ಚಪ್ಪಲಿಯ ಮೇಲೆ ಬೀಳುತ್ತಿತ್ತು. "ಇದು ಸಮಾಧಿ ಕಣಪ್ಪ, ಹಾಗೆ ಮಾಡಬಾರದು" ಎಂದೆ. "ನಿಮ್ಮ ಮನೆ ಗೋಡೆನಾ ಅಜ್ಜಿ?" ಎಂದು ಕೇಳಿ, ಉಳಿದ ಎರಡಕ್ಷರವನ್ನೂ ಕೆತ್ತಿ ಮುಗಿಸಿಯೇ ಹೋದ. ತಡೆಯುವವರು ಅಲ್ಲಿ ಯಾರೂ ಇರಲಿಲ್ಲ. "ಯಾರಿಗೆ ಹೇಳೋದು ಅಜ್ಜಿ?" ಎಂದು ಮಗು ಕೇಳಿದಾಗ ಉತ್ತರ ಹೊಳೆಯದೆ ಸುಮ್ಮನಿದ್ದೆ.

ಮರುದಿನ ಮಂಡಿನೋವನ್ನೂ ಲೆಕ್ಕಿಸದೆ ಕಚೇರಿಯ ಮೆಟ್ಟಿಲು ಹತ್ತಿದೆ. ಮೊದಲ ಮೇಜಿನವರು ಎರಡನೆಯ ಮೇಜಿಗೆ ಕಳುಹಿಸಿದರು, ಎರಡನೆಯವರು ಮೂರನೆಯ ಮೇಜಿಗೆ. ಮೂರನೆಯ ಮೇಜಿನವರು ಊಟಕ್ಕೆ ಹೋಗಿದ್ದರು. ಎರಡು ಗಂಟೆ ಕಾದ ಮೇಲೆ ಅವರು ಬಂದು, "ಅವನ ಫೋಟೋ ತೆಗೆದಿದ್ದೀರಾ?" ಎಂದು ಕೇಳಿದರು. ಅರವತ್ತೆಂಟು ವರ್ಷದ ನಾನು, ಕೈಯಲ್ಲಿ ಮಗುವನ್ನು ಹಿಡಿದುಕೊಂಡು, ಅವನ ಫೋಟೋ ತೆಗೆಯಬೇಕಿತ್ತೇ? ಅದು ಕಾವಲುಗಾರ ಮಾಡಬೇಕಾದ ಕೆಲಸವಲ್ಲವೇ?

ಅಲ್ಲಿ ಮಲಗಿರುವವರು ಯಾರೆಂಬುದನ್ನು ಒಮ್ಮೆ ನೆನಪಿಸಿಕೊಳ್ಳಿ. ನಡುವಿನ ದೊಡ್ಡ ಕಟ್ಟಡ ದೊಡ್ಡ ವೀರರಾಜೇಂದ್ರ ಮತ್ತು ಅವರ ರಾಣಿ ಮಹಾದೇವಮ್ಮನವರದು. ಟಿಪ್ಪುವಿನ ಸೈನ್ಯವನ್ನು ಎದುರಿಸಿ ಕೊಡಗನ್ನು ಉಳಿಸಿಕೊಂಡ ಆ ಅರಸರು 1809ರಲ್ಲಿ ತೀರಿಕೊಂಡರು. ಬಲಗಡೆಯದು ಅವರ ತಮ್ಮ ಲಿಂಗರಾಜೇಂದ್ರರದು. ಮಗ ಚಿಕ್ಕ ವೀರರಾಜೇಂದ್ರ ಅದನ್ನು 1820ರಲ್ಲಿ ಕಟ್ಟಿಸಿದ. ಎಡಗಡೆ ರಾಜಗುರು ರುದ್ರಪ್ಪನವರ ಸಮಾಧಿಯಿದೆ. ಅದು ಕಟ್ಟಿದ್ದು 1834ರಲ್ಲಿ, ಬ್ರಿಟಿಷರು ಕೊಡಗಿನ ರಾಜ್ಯವನ್ನು ಕಿತ್ತುಕೊಂಡ ವರ್ಷದಲ್ಲೇ. ಹತ್ತಿರದಲ್ಲೇ ಅರಸರಿಗಾಗಿ ಹೋರಾಡಿದ ಬಿದ್ದಂಡ ಬೋಪು ಮತ್ತು ಅವರ ಮಗ ಸೋಮಯ್ಯನವರ ಸಮಾಧಿಗಳೂ ಇವೆ. ತಂದೆಗೆ ಇಷ್ಟು ಚೆಂದದ ಗದ್ದಿಗೆ ಕಟ್ಟಿಸಿದ ಚಿಕ್ಕ ವೀರರಾಜೇಂದ್ರನಿಗೆ ಅದರ ಪಕ್ಕದಲ್ಲಿ ಜಾಗ ಸಿಗಲಿಲ್ಲ. ಪಟ್ಟ ಕಳೆದುಕೊಂಡ ಆತ 1859ರಲ್ಲಿ ಲಂಡನ್ನಿನಲ್ಲಿ ಸತ್ತ. ಅವನ ಮಗಳು ಗೌರಮ್ಮನ ಸಮಾಧಿ ಇಂದಿಗೂ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ. ಆ ಮನೆತನದ ಗುರುತಾಗಿ ನಮ್ಮೂರಿನಲ್ಲಿ ಉಳಿದಿರುವುದು ಕೆಲವೇ ಕಟ್ಟಡಗಳು.

ವೀರಶೈವರಾದ ಹಾಲೇರಿ ಅರಸರಲ್ಲಿ ದೇಹವನ್ನು ಸುಡುವ ಪದ್ಧತಿಯಿರಲಿಲ್ಲ, ಸಮಾಧಿ ಮಾಡುತ್ತಿದ್ದರು. ಅರಸ ಬದುಕಿದ್ದಾಗ ಕೂರುವ ಪೀಠಕ್ಕೂ ಸತ್ತ ಮೇಲೆ ನೆಲೆಸುವ ತಾಣಕ್ಕೂ ನಮ್ಮ ಭಾಷೆ ಗದ್ದಿಗೆ ಎಂಬ ಒಂದೇ ಮಾತನ್ನು ಕೊಟ್ಟಿದೆ. ಚೌಕಾಕಾರದ ಕಟ್ಟಡ, ನೆತ್ತಿಯ ಮೇಲೆ ಗುಮ್ಮಟ, ನಾಲ್ಕು ಮೂಲೆಗಳಲ್ಲಿ ಮಿನಾರುಗಳು. ದೂರದಿಂದ ನೋಡಿದವರು ದರ್ಗಾ ಎಂದುಕೊಳ್ಳುವುದೂ ಉಂಟು. ಹತ್ತಿರ ಬಂದರೆ ನಂದಿಗಳು ಕಾಣುತ್ತವೆ, ಒಳಗೆ ಶಿವನಿಗೆ ಪೂಜೆ ನಡೆಯುತ್ತದೆ. ಲಿಂಗರಾಜೇಂದ್ರರು ಅದೇ 1820ರಲ್ಲಿ ಮುಗಿಸಿದ ಓಂಕಾರೇಶ್ವರ ದೇವಸ್ಥಾನದಲ್ಲಿಯೂ ನಡುವೆ ಗುಮ್ಮಟ, ಮೂಲೆಗಳಲ್ಲಿ ಗೋಪುರ, ಅಲ್ಲಿಯೂ ನಂದಿಗಳು. ಟಿಪ್ಪುವಿನೊಡನೆ ವರ್ಷಗಟ್ಟಲೆ ಯುದ್ಧ ಮಾಡಿದ ಮನೆತನ ಗುಮ್ಮಟವನ್ನು ಪರರದೆಂದು ದೂರವಿಡಲಿಲ್ಲ. ನನ್ನ ಮಟ್ಟಿಗೆ ಕೊಡಗಿನಲ್ಲಿ ಇದಕ್ಕಿಂತ ದೊಡ್ಡ ಪಾಠ ಹೇಳುವ ಕಟ್ಟಡ ಬೇರೊಂದಿಲ್ಲ. ಅದಕ್ಕಾಗಿಯೇ ಮೂವತ್ತು ವರ್ಷ ನನ್ನ ಶಾಲೆಯ ಮಕ್ಕಳನ್ನು ಅಲ್ಲಿಗೆ ನಡೆಸಿಕೊಂಡು ಹೋಗಿದ್ದೇನೆ.

ಗೋಡೆಯ ಗೀರು ಬರಿಯ ಗೀರಾಗಿ ಉಳಿಯುವುದಿಲ್ಲ. ಗಾರೆಯ ಮೇಲ್ಪದರ ಒಡೆದಲ್ಲಿ ಮಡಿಕೇರಿಯ ಮಳೆ ಒಳಗಿಳಿಯುತ್ತದೆ, ಬಿಸಿಲು ಬಂದರೂ ತೇವ ಆರುವುದಿಲ್ಲ, ಸುತ್ತಲಿನ ಗಾರೆ ಸಡಿಲವಾಗಿ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಮಳೆಗಾಲ ಕಳೆದ ಮೇಲೆ ಮತ್ತೆ ಹೋಗಿ ನೋಡಿದೆ. ಆ ಹುಡುಗನ ಹೆಸರಿನೊಳಗೆ ಪಾಚಿ ಬೆಳೆದು, ಹತ್ತು ಹೆಜ್ಜೆ ದೂರದಿಂದಲೇ ಹಸಿರು ಅಕ್ಷರಗಳನ್ನು ಓದಬಹುದಾಗಿತ್ತು. ಅದರ ಕೆಳಗೆ ಇನ್ನೂ ಎರಡು ಹೊಸ ಹೆಸರುಗಳು ಸೇರಿದ್ದವು.

ನಾನು ಕೋಟಿಗಟ್ಟಲೆ ಹಣದ ಯೋಜನೆ ಕೇಳುತ್ತಿಲ್ಲ, ಬಣ್ಣದ ದೀಪಗಳನ್ನೂ ಕೇಳುತ್ತಿಲ್ಲ. ಒಬ್ಬ ಕಾವಲುಗಾರನನ್ನು ಕೇಳುತ್ತಿದ್ದೇನೆ. ಭಾನುವಾರವೂ ಇರುವ, ಮಳೆಯಲ್ಲೂ ಇರುವ, ಕೀಲಿ ಹಿಡಿದ ಕೈಯನ್ನು ತಡೆಯುವ ಅಧಿಕಾರವಿರುವ ಒಬ್ಬ ಕಾವಲುಗಾರ ಸಾಕು. ಮುಂದಿನ ಜೂನ್ ಮಳೆ ಹಿಡಿಯುವ ಮೊದಲು ಅವನನ್ನು ನೇಮಿಸಿ. ಸಾಧ್ಯವಿಲ್ಲವೆಂದಾದರೆ ಏಕೆ ಸಾಧ್ಯವಿಲ್ಲವೆಂದು ಬರೆದು ಕೊಡಿ. ನಾಲ್ಕನೆಯ ಮನವಿಯೊಂದಿಗೆ ಬರುವ ಸೋಮವಾರ ನಾನೇ ಬರುತ್ತೇನೆ. ಈ ಸಲ ಮೊಹರು ಮಾತ್ರ ಹಾಕಿಸಿಕೊಂಡು ಹಿಂದಿರುಗುವುದಿಲ್ಲ.

ಇಂತಿ,
ಮಡಿಕೇರಿಯ ಒಬ್ಬ ನಿವೃತ್ತ ಶಿಕ್ಷಕಿ